ಮೂತಿ ಗಾಡಿಯೋ, ಚಪ್ಪಟೆ ಗಾಡಿಯೋ?

ಉದ್ದ ಮೂತಿಯ ಟ್ರಕ್ ಕಂಡರೆ ನನಗೆ ಮೊದಲಿಂದಲೂ ಮರುಳು. ಫಳಫಳ ಹೊಳೆಯುವ ಕ್ರೋಮ್ ಬಂಪರು, ಕ್ಯಾಬಿನ್ ಪಕ್ಕದಲ್ಲಿ ಕಂಬದಂತೆ ನಿಂತ ಎರಡು ಸೈಲೆನ್ಸರ್ ಕೊಳವೆ. ಕೆನ್‌ವರ್ತ್ ಡಬ್ಲ್ಯೂ900, ಪೀಟರ್‌ಬಿಲ್ಟ್ 379 ಚಿತ್ರಗಳನ್ನು ನೋಡುತ್ತಲೇ ಈ ಕೆಲಸಕ್ಕೆ ಬಂದವನು ನಾನು. ಮೊದಲು ಮೂತಿ ಗಾಡಿಯನ್ನೇ ಓಡಿಸಿದೆ. ಆಮೇಲೆ ಕೆಲಸ ಬದಲಾಯಿತು, ಎಂಜಿನ್ ಮೇಲೆ ಕ್ಯಾಬಿನ್ ಕೂತಿರುವ ಚಪ್ಪಟೆ ಮುಖದ ಗಾಡಿ ಸಿಕ್ಕಿತು. ಎರಡರಲ್ಲೂ ವರ್ಷಗಟ್ಟಲೆ ದುಡಿದಿದ್ದೇನೆ, ಮಲಗಿದ್ದೇನೆ. ಯಾವ ಕಂಪನಿಯವು ಅನ್ನೋದು ಬೇಡ, ನನ್ನ ಮಾತು ಆಕಾರದ ಬಗ್ಗೆ.

ಈ ಆಕಾರಗಳ ಹಿಂದೆ ಕಾನೂನಿದೆ. ಯುರೋಪಿನಲ್ಲಿ ಸಾಮಾನ್ಯ ಟ್ರೇಲರ್ ಗಾಡಿಯ ಒಟ್ಟು ಉದ್ದಕ್ಕೆ 16.5 ಮೀಟರ್ ಮಿತಿ. ಮೂತಿಗೆ ಜಾಗ ಕೊಟ್ಟರೆ ಸರಕಿಗೆ ಕಡಿಮೆಯಾಗುತ್ತದೆ. ಅಮೆರಿಕದಲ್ಲಿ 1982ರ ಕಾನೂನು ಬಂದಮೇಲೆ ದೊಡ್ಡ ಹೆದ್ದಾರಿಗಳಲ್ಲಿ ಟ್ರೇಲರ್ ಉದ್ದವನ್ನಷ್ಟೇ ನೋಡತೊಡಗಿದರು. ಮೂತಿ ಎಷ್ಟಿದ್ದರೇನು? ಚಪ್ಪಟೆ ಗಾಡಿಗಳು ಅಲ್ಲಿ ಮೆಲ್ಲಗೆ ಕಾಣದಾದವು.

ಬೆನ್ನಿನ ಲೆಕ್ಕದಲ್ಲಿ ಮೂತಿ ಗಾಡಿಯೇ ಮೇಲು. ಡ್ರೈವರ್ ಮುಂದಿನ ಚಕ್ರಗಳಿಗಿಂತ ಹಿಂದೆ ಕೂರುತ್ತಾನೆ, ಗುಂಡಿಯ ಪೆಟ್ಟು ಅರ್ಧ ಸತ್ತು ಬರುತ್ತದೆ. ಚಪ್ಪಟೆಯಲ್ಲಿ ಚಕ್ರದ ನೆತ್ತಿಯ ಮೇಲೇ ಕೂತಿರುತ್ತೇವೆ. ಸೀಟಿಗೂ ಕ್ಯಾಬಿನ್ನಿಗೂ ಏರ್ ಸಸ್ಪೆನ್ಷನ್ ಇದ್ದರೂ ಬ್ರೇಕ್ ಒತ್ತಿದಾಗಲೆಲ್ಲ ಗಾಡಿ ಹೌದೌದು ಅಂತ ತಲೆಯಾಡಿಸುತ್ತದೆ. ಮೊದಲ ವಾರ ನನಗೆ ಹೊಟ್ಟೆ ತೊಳಸಿದ್ದು ನಿಜ.

ನನ್ನ ಮನಸ್ಸು ತಿರುಗಿದ್ದು ಎಡ ಮೊಣಕಾಲಿನಿಂದ. ಮೂತಿ ಗಾಡಿಯಲ್ಲಿ ಇದ್ದದ್ದು 18 ಗೇರಿನ ಬಾಕ್ಸು. ಸಿಂಕ್ರೋ, ಅಂದರೆ ಗೇರುಗಳ ವೇಗವನ್ನು ತಾನೇ ಹೊಂದಿಸುವ ಏರ್ಪಾಡು, ಇಲ್ಲ. ಒಂದೊಂದು ಗೇರಿಗೂ ಕ್ಲಚ್ ಎರಡು ಸಲ ತುಳಿಯಬೇಕು, ಇಲ್ಲವೇ ಎಂಜಿನ್ ತಿರುಗುವ ವೇಗ (ಆರ್‌ಪಿಎಂ) ಕಿವಿಯಲ್ಲೇ ಅಳೆದು ಕ್ಲಚ್ ಮುಟ್ಟದೆ ಜಾರಿಸಬೇಕು. ಸರಿಯಾಗಿ ಕೂತಾಗ ಸಿಗುವ ಖುಷಿ ಬೇರೆಯೇ, ಅದನ್ನು ಅಲ್ಲಗಳೆಯಲಾರೆ. ಆದರೆ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ತೆವಳಿ ನೋಡಿ! ಚಪ್ಪಟೆ ಗಾಡಿಯಲ್ಲಿ 12 ಗೇರು, ಕ್ಲಚ್ ಪೆಡಲ್ಲೇ ಇಲ್ಲ. ಮುಂದೆ ಏರು ಬರುವುದು ಮ್ಯಾಪಿನಿಂದ ಅದಕ್ಕೇ ಗೊತ್ತು, ದಿಬ್ಬದ ನೆತ್ತಿ ಹತ್ತಿರ ಬಂದಾಗ ತಾನೇ ಎಂಜಿನ್ ಸಡಿಲಿಸುತ್ತದೆ. ಇದು ಆಕಾರದ ಗುಣವಲ್ಲ ಅಂತ ಗೊತ್ತು. ಈಗ ಮೂತಿ ಗಾಡಿಗೂ ಆಟೋಮ್ಯಾಟಿಕ್ ಸಿಗುತ್ತದೆ. ಮೊಣಕಾಲಿಗೆ ಆ ವಾದವೆಲ್ಲ ಬೇಕಿಲ್ಲ.

ಇಳಿಜಾರಿನಲ್ಲಿ ಮಾತ್ರ ಹಳೆಯ ಮೂತಿ ಗಾಡಿಯ ಎಂಜಿನ್ ಬ್ರೇಕಿನ ಸದ್ದು ನೆನಪಾಗುತ್ತದೆ. ಡೀಸೆಲ್ ಎಂಜಿನ್ ತಯಾರಕ ಕ್ಲೆಸ್ಸಿ ಕಮಿನ್ಸ್ 1931ರಲ್ಲಿ ಕ್ಯಾಲಿಫೋರ್ನಿಯಾದ ಕಾಹೋನ್ ಪಾಸ್ ಎಂಬ ಘಾಟಿ ಇಳಿಯುವಾಗ ಬ್ರೇಕ್ ಕೈಕೊಟ್ಟು ಸ್ವಲ್ಪದರಲ್ಲಿ ಪಾರಾಗಿದ್ದ. ಆ ಭಯದಿಂದ ಮುಂದೆ ಹುಟ್ಟಿದ್ದೇ ಎಂಜಿನ್ ಬ್ರೇಕ್. ಸಿಲಿಂಡರಿನಲ್ಲಿ ಒತ್ತಿದ ಗಾಳಿಯನ್ನು ಹೊರಗೆ ಬಿಟ್ಟುಬಿಡುತ್ತದೆ, ಅದಕ್ಕೇ ಆ ಪಟಪಟ ಗರ್ಜನೆ. ಚಪ್ಪಟೆ ಗಾಡಿಯಲ್ಲಿದ್ದ ರಿಟಾರ್ಡರ್, ಅಂದರೆ ವೇಗ ತಗ್ಗಿಸುವ ಇನ್ನೊಂದು ಸಾಧನ, ಎಣ್ಣೆಯ ಒತ್ತಡದಲ್ಲಿ ಸದ್ದಿಲ್ಲದೆ ಹಿಡಿಯುತ್ತದೆ. ತುಂಬಿದ ಲೋಡಿನಲ್ಲಿ ಗಾಡಿ ಇಳಿದದ್ದೇ ತಿಳಿಯುವುದಿಲ್ಲ. ಸ್ವಲ್ಪ ಸಪ್ಪೆ, ಅಷ್ಟೇ.

ರಿವರ್ಸ್, ತಿರುವು, ಇಕ್ಕಟ್ಟಾದ ಗೋದಾಮು: ಇಲ್ಲಿ ಹೋಲಿಕೆಯೇ ಇಲ್ಲ, ಚಪ್ಪಟೆ ಗೆದ್ದಿತು. ಮೂತಿಯ ಮುಂದೆ ಏನಿದೆ ಅಂತ ಕಾಣದೆ ಒಂದು ಗೇಟಿನ ಕಂಬಕ್ಕೆ ಬಂಪರ್ ತಾಗಿಸಿದ್ದೇನೆ. ತಪ್ಪು ನನ್ನದೇ, ಆದರೂ ಚಪ್ಪಟೆಯಲ್ಲಿ ಹಾಗೆ ಆಗುತ್ತಿರಲಿಲ್ಲ.

ರಾತ್ರಿ ಮತ್ತೆ ಮೂತಿ ಗಾಡಿಯದ್ದೇ ಜಯ. ಸೀಟಿನ ಹಿಂದೆ ಒಂದು ಪುಟ್ಟ ಕೋಣೆ, ನೆಟ್ಟಗೆ ನಿಂತು ಪ್ಯಾಂಟ್ ಹಾಕಿಕೊಳ್ಳಬಹುದು. ನನ್ನ ಚಪ್ಪಟೆಯಲ್ಲಿ ಎರಡು ಸೀಟಿನ ನಡುವೆ ಎಂಜಿನ್ ಉಬ್ಬು, ಕತ್ತಲಲ್ಲಿ ಎಷ್ಟು ಸಲ ಎಡವಿದ್ದೇನೋ. 2016ರಲ್ಲಿ ಬಂದ ಸ್ಕೇನಿಯಾ ಎಸ್‌ನಂಥ ಎತ್ತರದ ಕ್ಯಾಬಿನ್‌ಗಳಲ್ಲಿ ನೆಲ ಸಮತಟ್ಟು, ಆದರೆ ಮೆಟ್ಟಿಲು ಜಾಸ್ತಿ. ಇನ್ನೊಂದು ತಮಾಷೆ: ಎಂಜಿನ್ ರಿಪೇರಿಗೆ ಇಡೀ ಕ್ಯಾಬಿನ್ ಮುಂದಕ್ಕೆ ಬಗ್ಗಿಸಬೇಕು. ಸಾಮಾನು ಎತ್ತಿಡಲು ಮರೆತರೆ ನೀರಿನ ಬಾಟಲಿ, ಚಪ್ಪಲಿ, ಹೊದಿಕೆ ಎಲ್ಲ ಬಂದು ಗಾಜಿಗೆ ಅಪ್ಪಳಿಸುತ್ತವೆ. ನನಗೆ ಎರಡು ಸಲ ಆಯಿತು.

ಮೊನ್ನೆ ಮಾಲೀಕರು ಎರಡೂ ಕೀಲಿ ಮುಂದಿಟ್ಟು ಯಾವುದು ಬೇಕು ಅಂದರು. ಹನ್ನೊಂದು ಕಡೆ ಇಳಿಸುವ ಲೋಡು. ಸುಮ್ನೆ ಚಪ್ಪಟೆಯ ಕೀಲಿ ಎತ್ತಿಕೊಂಡೆ. ಹೊರಡುವ ಮೊದಲು ಮೂತಿ ಗಾಡಿಯ ಬಂಪರಿನ ಧೂಳನ್ನು ಯಾಕೆ ಒರೆಸಿದೆನೋ ಗೊತ್ತಿಲ್ಲ.