ಐಪಿಸಿಸಿಯ ‘ನೀತಿ ನಿರೂಪಕರ ಸಾರಾಂಶ’: ಓದುಗರ ವಿಮರ್ಶೆ

1988ರಲ್ಲಿ ಸ್ಥಾಪನೆಯಾದ ಐಪಿಸಿಸಿ (ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಅಂತರಸರ್ಕಾರಿ ಸಮಿತಿ) ತನ್ನ ಹವಾಮಾನ ವರದಿಗಳನ್ನು ಜಾಲತಾಣದಲ್ಲಿ ಉಚಿತವಾಗಿ ಒದಗಿಸುತ್ತದೆ. ಆ ವರದಿಗಳ ಮುಖ್ಯಾಂಶಗಳನ್ನು ಸರ್ಕಾರಗಳಿಗಾಗಿ ಚಿಕ್ಕದಾಗಿ ಹೇಳುವ ಈ ಸಾರಾಂಶವನ್ನು ಬರೆಯುವವರು ವಿಜ್ಞಾನಿಗಳಾದರೂ, ಸದಸ್ಯ ರಾಷ್ಟ್ರಗಳ ಪ್ರತಿನಿಧಿಗಳು ಒಂದೊಂದು ಸಾಲನ್ನೂ ಚರ್ಚಿಸಿ ಒಪ್ಪಿದ ಮೇಲೆಯೇ ಅದು ಹೊರಬರುತ್ತದೆ. 2014ರ ಬರ್ಲಿನ್ ಸಭೆಯಲ್ಲಿ, ದೇಶಗಳನ್ನು ಆದಾಯದ ಪ್ರಕಾರ ವಿಂಗಡಿಸಿ ಹಸಿರುಮನೆ ಅನಿಲಗಳ ಹೊರಸೂಸುವಿಕೆಯನ್ನು ತೋರಿಸಿದ್ದ ಚಿತ್ರಗಳನ್ನು ಕೆಲವು ಸರ್ಕಾರಗಳ ಆಕ್ಷೇಪದಿಂದಾಗಿ ಸಾರಾಂಶದಿಂದ ಕೈಬಿಡಲಾಯಿತು. ಮೂಲ ವರದಿಯಲ್ಲಿ ಆ ಮಾಹಿತಿ ಹಾಗೆಯೇ ಉಳಿಯಿತು. ಪ್ರತಿ ನಿರ್ಣಯದ ಪಕ್ಕದಲ್ಲಿ ಅದರ ವಿಶ್ವಾಸಾರ್ಹತೆಯ ಮಟ್ಟವನ್ನು ಓರೆ ಅಕ್ಷರಗಳಲ್ಲಿ ಸೂಚಿಸುವ ಕ್ರಮ ಮೆಚ್ಚತಕ್ಕದ್ದು. ಭಾಷೆ ಮಾತ್ರ ರಾಜತಾಂತ್ರಿಕರ ಕೈಯಲ್ಲಿ ಸಪ್ಪೆಯಾಗಿದೆ. ಆದರೂ ತಾನೇ ಒಪ್ಪಿದ ವಾಕ್ಯವನ್ನು ಯಾವ ಸರ್ಕಾರವೂ ಆಮೇಲೆ ಸುಲಭವಾಗಿ ಅಲ್ಲಗಳೆಯಲಾರದು ಎಂಬ ಕಾರಣಕ್ಕೆ ಈ ವ್ಯವಸ್ಥೆಯನ್ನು ನಾನು ಒಪ್ಪುತ್ತೇನೆ. ಬಿಡುವಿರುವವರು ಇದರೊಂದಿಗೆ ಇನ್ನೂ ವಿವರವಾದ ತಾಂತ್ರಿಕ ಸಾರಾಂಶವನ್ನೂ ಇಳಿಸಿಕೊಂಡು ಓದುವುದು ಒಳ್ಳೆಯದು.