ಡಬ್ಬಾ ಪ್ರೊಜೆಕ್ಟರ್, ಡಬ್ಬಾ ಸಿನಿಮಾ: ಗದಗಿನಲ್ಲಿ ಒಂದು ವರ್ಷ

ಮೊದಲು ಚಂದ್ರನ ವಿಷಯ ಹೇಳಿಬಿಡುತ್ತೇನೆ. ಹೋದ ತಿಂಗಳವರೆಗೂ ನಮ್ಮ ಮನೆಯಲ್ಲಿ ಯಾವ ಸಿನಿಮಾ ಹಾಕಿದರೂ ಗೋಡೆಯ ಬಲಗಡೆ ಮೇಲೆ ಒಬ್ಬ ಚಂದ್ರ ಹುಟ್ಟುತ್ತಿದ್ದ. ಹಗಲಿನ ದೃಶ್ಯವಿದ್ದರೆ ಅಷ್ಟಾಗಿ ಕಾಣುತ್ತಿರಲಿಲ್ಲ. ಕತ್ತಲಾಯಿತೋ, ಜೋಳದ ರೊಟ್ಟಿಯಷ್ಟು ಅಗಲ, ಮಬ್ಬು ಬಿಳಿ. ನಾನು ನೋಡುವುದೆಲ್ಲ ದೆವ್ವದ ಸಿನಿಮಾ. ಅದರಲ್ಲಿ ಕತ್ತಲೆ ಬಿಟ್ಟರೆ ಇನ್ನೇನಿರುತ್ತದೆ?

ಪ್ರೊಜೆಕ್ಟರ್ ತೆಗೆದುಕೊಂಡದ್ದು ಕಳೆದ ವರ್ಷ ಶಿವರಾತ್ರಿ ಆದಮೇಲೆ, 7,200 ರೂಪಾಯಿಗೆ. ಡಬ್ಬದ ಮೇಲೆ ಏನೇನು ಬರೆದಿದ್ದಾರೆ ಎಂದು ನೀವೂ ನೋಡಿರುತ್ತೀರಿ, ನಾನು ಮತ್ತೆ ಬರೆಯುವುದಿಲ್ಲ. ಒಂದೇ ಮಾತು: ‘4ಕೆ ಸಪೋರ್ಟ್’ ಅಂದರೆ 4ಕೆ ಎಂಬ ಅತಿ ಸ್ಪಷ್ಟ ಚಿತ್ರದ ಸಿಗ್ನಲ್ ಕೊಟ್ಟರೆ ಅದು ತೆಗೆದುಕೊಳ್ಳುತ್ತದೆ ಅಂತ ಅಷ್ಟೇ. ಗೋಡೆಯ ಮೇಲೆ ತೋರಿಸುವುದು ಹಳೇ ಡಿವಿಡಿ ಮಟ್ಟದ ಚಿತ್ರ. ಮೊದಲ ವಾರ ಒಂದು ಹೊಸ ದೊಡ್ಡ ಸಿನಿಮಾ ಹಾಕಿ ನೋಡಿದೆ. ಕೋಟಿ ಕೋಟಿ ಖರ್ಚಿನ ಯುದ್ಧವೆಲ್ಲ ಕಲಸಿದ ಹಿಟ್ಟಿನಂತೆ ಕಂಡಿತು. ಇದಕ್ಕೆ ತಕ್ಕ ಸಿನಿಮಾ ಬೇರೆ ಇರಬೇಕು ಅನ್ನಿಸಿತು. ಹಾಗೆ ಶುರುವಾಯಿತು, ವಾರಕ್ಕೊಂದು ಡಬ್ಬಾ ಸಿನಿಮಾ. ಕಡಿಮೆ ದುಡ್ಡಿನವು, ಯಾರೂ ಕೇಳದವು ಅಥವಾ ಕೇಳಿದರೂ ನೋಡದವು. ವರ್ಷಕ್ಕೆ 47 ಆದವು. ಉಳಿದ ಶನಿವಾರಗಳನ್ನು ಮದುವೆ, ಜಾತ್ರೆ, ಕರೆಂಟು ಹಂಚಿಕೊಂಡವು.

ನಾನು ಇಲ್ಲಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತೇನೆ, ಪ್ರೂಫೂ ನೋಡುತ್ತೇನೆ. ಲಗ್ನಪತ್ರಿಕೆಯಲ್ಲಿ ಮದುಮಗನ ಹೆಸರು ತಪ್ಪದಂತೆ ಕಾಯುವ ಕೆಲಸ. ಹಾಗಾಗಿ ಈ ಸಿನಿಮಾ ನೋಡುವುದೂ ಪ್ರೂಫ್ ನೋಡಿದಂತೆಯೇ ಆಯಿತು. ಕಟಿಂಗ್ ಮಶೀನಿನಲ್ಲಿ ಉಳಿದ ಕಾಗದದ ತುಂಡುಗಳನ್ನು ಅಂಟು ಹಚ್ಚಿ ಪ್ಯಾಡ್ ಮಾಡಿಕೊಂಡೆ. ಒಂದು ಸಿನಿಮಾಕ್ಕೆ ಒಂದೇ ಹಾಳೆ, ಒಂದೇ ಮಗ್ಗುಲು. ಕೆಂಪು ಪೆನ್ನು.

ಶನಿವಾರದ ಕ್ರಮ ಹೀಗೆ. ಏಳೂವರೆಗೆ ಪ್ರೆಸ್ ಬಾಗಿಲು. ಬರುವಾಗ ಬದನೆಕಾಯಿ ಬಜ್ಜಿ, ಬಿಸಿ ಇರುವಾಗಲೇ. ಅದನ್ನು ತಿಂದು, ಕೈ ತೊಳೆದು, ಆಮೇಲೆಯೇ ಪ್ರೊಜೆಕ್ಟರ್ ಮುಟ್ಟುವುದು. ಒಮ್ಮೆ ಎಣ್ಣೆ ಕೈಯಲ್ಲಿ ಫೋಕಸ್ ತಿರುಗಿಸಿ ಲೆನ್ಸಿಗೆ ಬೆರಳಚ್ಚು ಒತ್ತಿದ್ದೆ, ಅಂದಿನಿಂದ ಈ ಮಡಿ. ಸ್ಟೂಲಿನ ಮೇಲೆ ಖರ್ಚಾಗದೆ ಉಳಿದ ಪಂಚಾಂಗಗಳ ಕಟ್ಟು, ಅದರ ಮೇಲೆ ಪ್ರೊಜೆಕ್ಟರ್. ಮುಂದಿನ ಕಾಲಿಗೆ ಇನ್ನೆರಡು ಪಂಚಾಂಗ ಕೊಟ್ಟರೆ ಚಿತ್ರ ಸರಿಯಾಗಿ ಸುಣ್ಣದ ಗೋಡೆಯ ನಡುವೆ ಕೂರುತ್ತದೆ. ಮೂರು ಕೊಟ್ಟರೆ ಗಡಿಯಾರದ ಮೇಲೆ ಹೋಗುತ್ತದೆ. ಫ್ಯಾನಿನ ಗುರ್ ಸದ್ದಿಗೆ ಮಾತ್ರ ಔಷಧವಿಲ್ಲ. ಒಳಗಿನ ಸ್ಪೀಕರ್ ಲೆಕ್ಕಕ್ಕಿಲ್ಲ, ಹಳೇ ಹೋಮ್ ಥಿಯೇಟರಿಗೆ ವೈರು ಎಳೆದಿದ್ದೇನೆ.

ಹಿಂದೆ ಮಂಚದ ಮೇಲೆ ಅವ್ವ, ಮೊರದಲ್ಲಿ ಶೇಂಗಾ. ಸುಲಿಯುತ್ತಾ ನೋಡುತ್ತಾಳೆ. ಇಂಗ್ಲಿಷ್ ಬಾರದು. ಮೊದಮೊದಲು ನಾನು ಕತೆ ಹೇಳುತ್ತಿದ್ದೆ, ಆಮೇಲೆ ಬೇಕಾಗಲಿಲ್ಲ.

ಎಡ್ ವುಡ್‌ನ ‘ಪ್ಲಾನ್ 9 ಫ್ರಂ ಔಟರ್ ಸ್ಪೇಸ್’ ಹಾಕಿದ ದಿನ ಇದು ಗೊತ್ತಾಯಿತು. ಅದರಲ್ಲಿ ಡ್ರಾಕುಲಾ ಪಾತ್ರಕ್ಕೆ ಹೆಸರಾದ ನಟ ಬೇಲಾ ಲುಗೋಸಿ ಇದ್ದಾನೆ. ಆದರೆ ಅವನು 1956ರ ಆಗಸ್ಟಿನಲ್ಲೇ ತೀರಿಕೊಂಡಿದ್ದ. ಬದುಕಿದ್ದಾಗ ತೆಗೆದಿಟ್ಟಿದ್ದ ಸ್ವಲ್ಪ ಮೂಕ ದೃಶ್ಯಗಳನ್ನೇ ಎಡ್ ವುಡ್ ಈ ಸಿನಿಮಾಕ್ಕೆ ಹೊಂದಿಸಿಕೊಂಡ. ಉಳಿದದ್ದಕ್ಕೆ ತನ್ನ ಹೆಂಡತಿಯ ಡಾಕ್ಟರನ್ನೇ ನಿಲ್ಲಿಸಿದ, ಬೆನ್ನಿನ ಎಲುಬು ನೀವಿ ಕೂಡಿಸುವವನನ್ನು. ಆತ ಲುಗೋಸಿಗಿಂತ ಎತ್ತರ. ಸಿನಿಮಾ ಪೂರ್ತಿ ಕರಿ ನಿಲುವಂಗಿಯಿಂದ ಮುಖ ಮುಚ್ಚಿಕೊಂಡೇ ಓಡಾಡುತ್ತಾನೆ. ಇದನ್ನೆಲ್ಲ ನಾನು ಓದಿಕೊಂಡು ಕೂತಿದ್ದೆ. ಅವ್ವ ಏನೂ ಓದಿರಲಿಲ್ಲ.

‘ಇಂವ ಅಂವ ಅಲ್ಲ ಬಿಡೋ ತಮ್ಮಾ’ ಅಂದಳು. ‘ಅಂವ ನಡಿಯೂದ ಬ್ಯಾರೆ. ಮಾರಿ ಯಾಕ ಮುಚ್ಕೊಂಡಾನ ಗೊತ್ತಾತು?’

ಪುಟ್ಟರಾಜ ಗವಾಯಿಗಳ ಆಶ್ರಮದ ನಾಟಕ ಕಂಪನಿಯ ಆಟ ನೋಡಿ ಬೆಳೆದವಳು. ‘ರಾಜನ ಪಾರ್ಟಿನವಗ ಜ್ವರ ಬಂದ್ರ ಪರದೆ ಎಳಿಯಾಂವಗ ಕಿರೀಟ ಇಡ್ತಿದ್ರು. ಆಟ ನಿಂದರ್ತಿದ್ದಿಲ್ಲ’ ಅಂದು ಮತ್ತೆ ಶೇಂಗಾ ಸುಲಿಯತೊಡಗಿದಳು. ಅಂದಿನ ಹಾಳೆಯಲ್ಲಿ ನನ್ನ 22 ಕೆಂಪು ಗುರುತು ಇವೆ. ಅಲ್ಲಾಡುವ ಗೋರಿಕಲ್ಲು, ಒಂದೇ ದೃಶ್ಯದಲ್ಲಿ ಹಗಲೂ ರಾತ್ರಿ, ಹೀಗೆ. ಕೆಳಗೆ ಅವ್ವನ ಮಾತು ಬರೆದಿಟ್ಟೆ. ಮುಂದಿನ ವಾರದಿಂದ ಹಾಳೆಯ ಕೆಳಗಿನ ಅರ್ಧ ಅವಳಿಗೇ ಬಿಟ್ಟೆ.

ಅವಳು ಕಣ್ಣಿಗಿಂತ ಕಿವಿಯಿಂದ ಜಾಸ್ತಿ ನೋಡುತ್ತಾಳೆ. 1966ರ ‘ಮ್ಯಾನೋಸ್’ ಮಾಡಿದ ಹೆರಾಲ್ಡ್ ವಾರೆನ್ ಟೆಕ್ಸಾಸ್‌ನ ಎಲ್ ಪಾಸೋದಲ್ಲಿ ಗೊಬ್ಬರ ಮಾರುತ್ತಿದ್ದವ. ಅವನ ಕ್ಯಾಮೆರಾ ಕೀಲಿ ಕೊಟ್ಟು ಓಡಿಸುವಂಥದ್ದು, ಒಂದು ಸಲಕ್ಕೆ 32 ಸೆಕೆಂಡ್ ಮಾತ್ರ. ಧ್ವನಿ ಹಿಡಿಯುವ ಅನುಕೂಲವೇ ಇರಲಿಲ್ಲ. ಆಮೇಲೆ ಬೆರಳೆಣಿಕೆಯ ಜನ ಕೂತು ಎಲ್ಲರ ಮಾತೂ ಆಡಿದರು. ‘ಆ ಕೂಸಿಗೆ ದೊಡ್ಡ ಹೆಂಗಸಿನ ದನಿ ಕೊಟ್ಟಾರಲ್ಲೋ, ಪಾಪ’ ಅಂದ ಅವ್ವ ಹದಿನೈದು ನಿಮಿಷಕ್ಕೆ ನಿದ್ದೆ ಹೋದಳು. ನಾನು ಹೋಗಲಿಲ್ಲ, ಹೋಗಬೇಕಿತ್ತು. ಹಿಂದಿಯಲ್ಲಿ ದೆವ್ವದ ಸಿನಿಮಾ ಮಾಡುತ್ತಿದ್ದ ರಾಮ್ಸೆ ಸಹೋದರರ ‘ಪುರಾನಾ ಮಂದಿರ್’ಗೆ ಮಾತ್ರ ಪಕ್ಕದ ಮನೆಯವರೂ ಬಂದು ಕೂತರು. ಕನ್ನಡದ ‘6-5=2’ 2013ರದು, ಕೈಯಲ್ಲಿ ಹಿಡಿದ ಕ್ಯಾಮೆರಾದಲ್ಲೇ ನಡೆಯುವ ಕತೆ. ಗೋಡೆಯ ತುಂಬಾ ಅದು ಅಲ್ಲಾಡಿ ನನಗೆ ತಲೆ ತಿರುಗಿತು. ಫೋನಿನಲ್ಲೇ ನೋಡಿ.

ಇನ್ನು ಚಂದ್ರ. ಆಷಾಢದ ಗಾಳಿ ಗದಗಿನವರಿಗೆ ಹೇಳಬೇಕಾಗಿಲ್ಲ. ಆ ಗಾಳಿಯಲ್ಲೇ ಅವನು ಹುಟ್ಟಿದ. ಮೊದಲ ಸಲ ಕಂಡದ್ದು 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ದಿನ. ನನ್ನಂತೆ ಪ್ರೂಫ್ ನೋಡುವವರು ಅಳಬೇಕಾದ ಸಿನಿಮಾ ಅದು. ಅದರ ಮೊದಲ ಹೆಸರು ‘ನೈಟ್ ಆಫ್ ದಿ ಫ್ಲೆಶ್ ಈಟರ್ಸ್’. ಹಂಚಿಕೆದಾರರು ಹೆಸರು ಬದಲಿಸಿ ಹೊಸ ಟೈಟಲ್ ಹಾಕಿದರು. ಕಾಪಿರೈಟ್ ಸಾಲು ಇದ್ದದ್ದು ಹಳೇ ಟೈಟಲ್ಲಿನ ಮೇಲೆ, ಹೊಸದರಲ್ಲಿ ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಂತೆ ಆ ಸಾಲು ಇಲ್ಲದಿದ್ದರೆ ಹಕ್ಕೂ ಇಲ್ಲ. ಒಂದು ಸಾಲು! ಇವತ್ತಿಗೂ ಅಲ್ಲಿ ಅದನ್ನು ಯಾರು ಬೇಕಾದರೂ ಪುಕ್ಕಟೆ ತೋರಿಸಬಹುದು. ನಾನು ಈ ಸಂಕಟದಲ್ಲಿ ಇರುವಾಗ, ಸಿನಿಮಾದ ಜನ ಹೆಣಗಳಿಗೆ ಹೆದರಿ ಮನೆಯ ಕೆಳಗಿನ ನೆಲಮಾಳಿಗೆಗೆ ಇಳಿದರು. ಅಲ್ಲೂ ಮೇಲೆ ಬಲಕ್ಕೆ ಬೆಳ್ಳಗೆ ಒಂದು ಗುಂಡು.

‘ಹಗೇವಿನಾಗ ಚಂದ್ರ ಹೆಂಗ ಬಂದ್ನೋ?’

ಲೆನ್ಸ್ ಒರೆಸಿದೆ, ಹೋಗಲಿಲ್ಲ. ಧೂಳು ಹೊರಗಲ್ಲ, ಒಳಗಿನ ಎಲ್‌ಸಿಡಿ ಗಾಜಿನ ಮೇಲೆ ಕೂತಿತ್ತು. ಈ ರೇಟಿನ ಪ್ರೊಜೆಕ್ಟರ್‌ಗಳಲ್ಲಿ ಒಳಗೆ ಮುಚ್ಚಳವೇ ಇರುವುದಿಲ್ಲ. ಫ್ಯಾನು ಹೊರಗಿನ ಗಾಳಿಯನ್ನು ನೇರ ಆ ಗಾಜಿಗೇ ಬೀಸಿ ತಣ್ಣಗೆ ಮಾಡುತ್ತದೆ. ಗಾಳಿಯ ಜೊತೆ ಬಂದದ್ದೆಲ್ಲ ಅಲ್ಲೇ ಉಳಿಯುತ್ತದೆ, ಗೋಡೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ಇದನ್ನು ಡಬ್ಬದ ಮೇಲೆ ಯಾರೂ ಬರೆಯುವುದಿಲ್ಲ.

ಇನ್ನೂ ವಾರಂಟಿ ಇತ್ತು. ಒಂದು ದಿನದ ಪಗಾರ ಬಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹುಬ್ಬಳ್ಳಿಯ ಸರ್ವಿಸ್ ಸೆಂಟರಿಗೆ ಒಯ್ದೆ. ಹುಡುಗ ಆನ್ ಮಾಡಿಯೂ ನೋಡಲಿಲ್ಲ. ‘ಧೂಳು ವಾರಂಟಿಯೊಳಗೆ ಬರಂಗಿಲ್ಲ ಸರ. ಗದಗಿನ್ಯಾಗ ಗಾಳಿ ಜಾಸ್ತಿ ಅಲ್ರೀ?’ ಅಂದ. ಬಿಚ್ಚಿ ಸ್ವಚ್ಛ ಮಾಡಲು 1,800, ಮೂರು ವಾರ. ಗಾಳಿ ನಮ್ಮದು, ತಪ್ಪೂ ನಮ್ಮದು! ಆ ಸಂಜೆ ಈ ವಿಮರ್ಶೆ ಬರೆದಿದ್ದರೆ ಒಂದು ನಕ್ಷತ್ರವನ್ನೂ ಕೊಡುತ್ತಿರಲಿಲ್ಲ. ವಾಪಸ್ ತಂದು ಎರಡು ವಾರ ಪಂಚಾಂಗದ ಮೇಲೆ ಬಟ್ಟೆ ಮುಚ್ಚಿ ಇಟ್ಟೆ.

ಮತ್ತೆ ತೆಗೆಸಿದ್ದು 1962ರ ‘ಕಾರ್ನಿವಲ್ ಆಫ್ ಸೋಲ್ಸ್’. ಹರ್ಕ್ ಹಾರ್ವೆ ಕಾನ್ಸಾಸ್‌ನ ಲಾರೆನ್ಸ್‌ನಲ್ಲಿ ಶಾಲೆ, ಕಾರ್ಖಾನೆಗಳಿಗೆ ಪಾಠದ ಫಿಲ್ಮು ಮಾಡುವ ನೌಕರ. ಸಾಲ್ಟ್ ಲೇಕ್ ಹತ್ತಿರ ಪಾಳುಬಿದ್ದ ಸಾಲ್ಟೇರ್ ಎಂಬ ಮೋಜಿನ ಮಂಟಪ ಕಣ್ಣಿಗೆ ಬಿತ್ತು, ಅದಕ್ಕೊಂದು ಕತೆ ಕಟ್ಟಿಸಿದ. ಸುಮಾರು 33,000 ಡಾಲರ್, ಮೂರು ವಾರ. ದೆವ್ವದ ಪಾತ್ರಕ್ಕೆ ಬೇರೆಯವರನ್ನು ಹುಡುಕದೆ ತಾನೇ ಮುಖಕ್ಕೆ ಬಿಳಿ ಬಳಿದುಕೊಂಡ.

ಕಪ್ಪು ಬಿಳುಪು ಚಿತ್ರ ಈ ಪ್ರೊಜೆಕ್ಟರಿನಲ್ಲಿ ಇಷ್ಟು ಚೆನ್ನಾಗಿ ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಬಣ್ಣ ಹಾಳಾಗುವ ಪ್ರಶ್ನೆಯೇ ಇಲ್ಲ ನೋಡಿ. ಹೊರಗೆ ಜಿಟಿಜಿಟಿ ಮಳೆ. ಸಿನಿಮಾದ ಹುಡುಗಿ ರಾತ್ರಿ ಒಬ್ಬಳೇ ಕಾರು ಓಡಿಸುತ್ತಿದ್ದಾಳೆ. ರೇಡಿಯೋದಲ್ಲಿ ಆರ್ಗನ್ ವಾದ್ಯದ ಸಂಗೀತ ಬಿಟ್ಟು ಬೇರೇನೂ ಬರುತ್ತಿಲ್ಲ. ಪಕ್ಕದ ಕಿಟಕಿಯ ಗಾಜಿನಲ್ಲಿ ಅವಳದೇ ನೆರಳು. ಮೇಲೆ ನಮ್ಮ ಚಂದ್ರ. ಮತ್ತೆ ತಿರುಗಿ ನೋಡುತ್ತಾಳೆ, ಗಾಜಿನಲ್ಲಿರುವುದು ಅವಳ ಮುಖ ಅಲ್ಲ. ಹಿಂದೆ ಶೇಂಗಾ ಸುಲಿಯುವ ಸದ್ದು ನಿಂತಿತು. ನಾನು ತಿರುಗಿ ನೋಡಲಿಲ್ಲ. ಸಿನಿಮಾ ಮುಗಿದ ಮೇಲೆ ಅವ್ವ ಏನೂ ಹೇಳಲಿಲ್ಲ, ಎದ್ದು ಹೋಗಿ ಹಿತ್ತಲ ಬಾಗಿಲ ಅಗಳಿ ಇನ್ನೊಮ್ಮೆ ನೋಡಿ ಬಂದಳು. ಆ ಹಾಳೆಯ ಕೆಳಗಿನ ಅರ್ಧ ಖಾಲಿ ಇದೆ. ಮೇಲಿನ ಅರ್ಧದಲ್ಲೂ ಕೆಂಪು ಇಲ್ಲ.

ಹೋದ ತಿಂಗಳು ಬೆಟಗೇರಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗನೊಬ್ಬ ಪ್ರೊಜೆಕ್ಟರ್ ಬಿಚ್ಚಿದ. ಹೇಗೂ ವಾರಂಟಿ ಮುಗಿದಿತ್ತು. ಇಕ್ಕಳದಲ್ಲಿ ಹಿಡಿದು ತೋರಿಸಿದ: ‘ಧೂಳಲ್ಲ ಅಣ್ಣಾರ, ಹತ್ತಿ ಎಳಿ.’ ಮಗ್ಗದ ಊರಲ್ಲವೇ. 150 ರೂಪಾಯಿ, ಅರ್ಧ ತಾಸು. ಚಂದ್ರ ಹೋದ. ಅವನ ಬ್ರಶ್ಶಿನಿಂದಲೋ ಏನೋ ಎಡಗಡೆ ಕೆಳಗೆ ಎರಡು ಸಣ್ಣ ಚುಕ್ಕಿ ಬಂದಿವೆ.

ತೆಗೆದುಕೊಳ್ಳಬೇಕಾ ಅಂದರೆ, ಕ್ರಿಕೆಟ್ ನೋಡುವವರು ಬೇಡ, ಚೆಂಡೇ ಕಾಣುವುದಿಲ್ಲ. ಹೊಸ ಸಿನಿಮಾದವರೂ ಬೇಡ. ಕೈಯಲ್ಲಿ ಇನ್ನೂ ಏಳೆಂಟು ಸಾವಿರ ಇದ್ದರೆ ಒಳಗೆ ಪೂರ್ತಿ ಮುಚ್ಚಿರುವ ಮಾಡೆಲ್ ಕೇಳಿ ತೆಗೆದುಕೊಳ್ಳಿ. ನನ್ನ ಹತ್ತಿರ ಇರಲಿಲ್ಲ. ಇದನ್ನೇ ಕೊಂಡರೆ ಗಾಳಿ ಒಳಹೋಗುವ ಜಾಲರಿಗೆ ಹಳೇ ತೆಳ್ಳನೆ ಬಟ್ಟೆಯ ತುಂಡು ಅಂಟಿಸಿ, ವಾರಕ್ಕೊಮ್ಮೆ ಕೊಡವಿ. ದಪ್ಪ ಬಟ್ಟೆ ಬೇಡ, ಕಾಯ್ದು ಬಂದ್ ಆಗುತ್ತದೆ. ಐದರಲ್ಲಿ ಮೂರು ಕೊಡುತ್ತೇನೆ. ಒಂದನ್ನು ಸರ್ವಿಸ್ ಸೆಂಟರು ತಿಂದಿತು, ಒಂದನ್ನು ಫ್ಯಾನು.

ಈ ಶನಿವಾರಕ್ಕೆ 1953ರ ‘ರೋಬೋಟ್ ಮಾನ್‌ಸ್ಟರ್’. ಬೇರೆ ಗ್ರಹದ ರಾಕ್ಷಸ ಅಂದರೆ ಗೊರಿಲ್ಲಾ ವೇಷ ಹಾಕಿದ ಮನುಷ್ಯ, ತಲೆಯ ಮೇಲೆ ನೀರಿಗಿಳಿಯುವವರ ಹೆಲ್ಮೆಟ್. ಅವ್ವನಿಗೆ ಇನ್ನೂ ಹೇಳಿಲ್ಲ.