ಸಮ್ಮೇಳನಕ್ಕೆ ಹೋಗುವವರೇ, ಬರೀ ಫೋನಿನ ಮಾತು ನಂಬಿ ರೂಮು ಬುಕ್ ಮಾಡಬೇಡಿ

2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅದಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಮ್ಮ ರಿಟೈರ್ಡ್ ಕನ್ನಡ ಟೀಚರ್. ಗೊ.ರು. ಚನ್ನಬಸಪ್ಪನವರು ಅಧ್ಯಕ್ಷರು ಅಂತ ಗೊತ್ತಾದ ದಿನದಿಂದ ಅವರ ಮೆರವಣಿಗೆ ನೋಡಲೇಬೇಕು ಅಂತಿದ್ದಳು. 94ರ ವಯಸ್ಸಿನಲ್ಲಿ ಅವರೇ ಬರ್ತಾರೆ, ನನಗೇನು ಕಷ್ಟ ಅನ್ನೋದು ಅವಳ ಮಾತು.

ನವೆಂಬರ್‌ನಲ್ಲೇ ಒಂದು ಲಾಡ್ಜಿಗೆ ಫೋನ್ ಮಾಡಿದೆ. ದಿನಕ್ಕೆ 1,200 ಅಂದರು. 1,500 ರೂಪಾಯಿ ಅಡ್ವಾನ್ಸ್ ಕಳಿಸಿದೆ. ರಸೀದಿ ಕೇಳಲಿಲ್ಲ, ತಪ್ಪಾಗಿದ್ದು ಅಲ್ಲೇ.

19ರ ರಾತ್ರಿ ದಾವಣಗೆರೆಯಿಂದ ಹೋಗಿ ಇಳಿದರೆ ರೂಮಿಲ್ಲ! ಕೌಂಟರಿನ ಪುಸ್ತಕದಲ್ಲಿ ನನ್ನ ಹೆಸರಿಗೆ ಕೆಂಪು ಪೆನ್ನಿನಲ್ಲಿ ಗೀಟು ಎಳೆದು ಮೇಲೆ ಇನ್ಯಾರದೋ ಹೆಸರು ಬರೆದಿದ್ದರು. ದುಡ್ಡು ಹೋಗಿದ್ದನ್ನು ಮೊಬೈಲಿನಲ್ಲಿ ತೋರಿಸಿದ ಮೇಲೆ, "ಒಂದು ರೂಮಿದೆ ಸಾರ್, 3,500 ಆಗುತ್ತೆ, ಬೇಕಾದ್ರೆ ಈಗ್ಲೇ ಹೇಳಿ" ಅಂದ. ಸಿಟ್ಟು ನೆತ್ತಿಗೇರಿತು. ಅಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಇನ್ನೂ ನಾಲ್ಕು ಕಡೆ ಸುತ್ತಿದೆ, ಎಲ್ಲಾ ಫುಲ್. ಕೊನೆಗೆ ರೈಲು ಹತ್ತಿ ಮೈಸೂರಿಗೆ ಹೋಗಿ ರೂಮು ಹಿಡಿಯುವಾಗ ಹನ್ನೆರಡೂವರೆ. ಬೆಳಿಗ್ಗೆ ಅವಳಿಗೆ ಏಳೋಕೇ ಆಗಲಿಲ್ಲ, ಮೆರವಣಿಗೆ ತಪ್ಪಿತು. ಅದಕ್ಕೇ ನನಗೆ ಇವತ್ತಿಗೂ ಸಂಕಟ.

ಮಂಡ್ಯದಂಥ ಊರಿಗೆ 30 ವರ್ಷದ ಮೇಲೆ ಸಮ್ಮೇಳನ ಬಂದಿತ್ತು. ಮೂರು ದಿನಕ್ಕೆ ಲಕ್ಷಗಟ್ಟಲೆ ಜನ ಬಂದರೆ ಇರೋ ಲಾಡ್ಜುಗಳು ಎಲ್ಲಿ ಸಾಲುತ್ತವೆ? ಜಾಸ್ತಿ ಕೊಡುವವರು ಬಂದರೆ ನಿಮ್ಮ ರೂಮು ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಸಮ್ಮೇಳನ ನಡೆಯೋ ಊರಲ್ಲೇ ಇರಬೇಕು ಅಂತ ಹಟ ಬೇಡ, ರೈಲು ದಾರಿಯಲ್ಲಿರೋ ಪಕ್ಕದ ದೊಡ್ಡ ಊರು ನೋಡಿ. ನಾವು ಉಳಿದ ಎರಡು ದಿನ ಮೈಸೂರಿಂದಲೇ ಓಡಾಡಿದೆವು, ಒಂದು ಗಂಟೆಯ ದಾರಿ ಅಷ್ಟೇ. ಊರಲ್ಲೇ ಇರೋದಾದರೆ ದಿನದ ಬಾಡಿಗೆ ಮತ್ತು ತಾರೀಕು ಬರೆದ ರಸೀದಿಯನ್ನು ವಾಟ್ಸಾಪಿನಲ್ಲಾದರೂ ತರಿಸಿಕೊಳ್ಳಿ, ಹೊರಡುವ ಮುಂಚೆ ಇನ್ನೊಂದು ಸಲ ಫೋನ್ ಮಾಡಿ. ಪ್ರತಿನಿಧಿಯಾಗಿ ನೋಂದಣಿ ಮಾಡಿಸಿದವರಿಗೆ ವಸತಿ ಏನಿದೆ ಅಂತಲೂ ಮೊದಲೇ ವಿಚಾರಿಸಿ.

ಮುಂದಿನದು ಬಳ್ಳಾರಿ ಅಂತ ಘೋಷಣೆಯಾದಾಗಲೇ ಅಮ್ಮ ಹೋಗೋಣ ಅಂದಿದ್ದಾಳೆ. ಈ ಸಲ ಹೊಸಪೇಟೆಯಲ್ಲಿ ಉಳಿದು ಬೆಳಿಗ್ಗೆ ರೈಲಿಗೆ ಹೋಗುತ್ತೇವೆ. ಆ 1,500 ಮಾತ್ರ ಇನ್ನೂ ವಾಪಸ್ ಬಂದಿಲ್ಲ.